ಸಾಹೇಬರು ಕುಡಿದ ಪಾಠ

ಡಿಗ್ರಿ ಮುಗಿಸಿ ಹೈದರಾಬಾದಿನಿಂದ ಊರಿಗೆ ಬಂದ ದಿನ ನಮ್ಮ ಹಟ್ಟಿಯ ಮುಂದೆ ಮದುವೆ ಮನೆಯ ಹಾಗೆ ಮಂದಿ ಕೂಡಿತ್ತು. ಜಹೀರಾಬಾದಿನಿಂದ ಒಂದು ಹರದಾರಿ ದೂರದ ಊರು. ಕುರಿ ಮತ್ತು ಜೋಳ, ಈ ಎರಡರ ಮೇಲೆ ನಡೆಯುವ ಬಾಳುವೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಅಕ್ಷರ ಕಲಿತವರು ಒಬ್ಬರೂ ಇಲ್ಲ. ಇದನ್ನು ನಾನು ವಿನಯಕ್ಕೆ ಹೇಳುತ್ತಿಲ್ಲ, ಹೆಮ್ಮೆಯಿಂದ ಹೇಳುತ್ತಿದ್ದೇನೆ. ಹಾಸ್ಟೆಲಿನಲ್ಲಿ ಕಂಬಳಿ ಹೊದ್ದದ್ದಕ್ಕೆ ನಕ್ಕವರ ನಡುವೆ ಕೂತು ಓದಿ, ಮನೆಯಲ್ಲಿ ಯಾರೂ ಆಡದ, ಆಗಿನ ಸರಕಾರದ ಭಾಷೆಯಾದ ಉರ್ದುವಿನಲ್ಲಿ ವಿಜ್ಞಾನದ ಪರೀಕ್ಷೆ ಬರೆದು ಪಾಸಾದವನು ನಾನು. ಅದನ್ನು ಮೆಲ್ಲಗೆ ಹೇಳಲು ನನಗೆ ಬರುವುದಿಲ್ಲ.

ಅಪ್ಪ ಎಲ್ಲರ ಎದುರಿಗೇ ಕೇಳಿದ:

“ಏನು ಕಲತಿ ತಮ್ಮಾ? ಮಂದಿಗಿ ಹೇಳು.”

ಏನು ಹೇಳಬೇಕು? ರಸಾಯನಶಾಸ್ತ್ರ ಹೇಳಿದರೆ ಯಾರಿಗೂ ತಿಳಿಯದು. ಹುಲ್ಲು, ನೀರು ಎರಡೂ ಗೊತ್ತಿರುವ ಜನ. ಅಲ್ಲಿಂದಲೇ ಶುರು ಮಾಡೋಣ ಎಂದುಕೊಂಡೆ.

“ಒಂದು ಹಿಡಿ ಹುಲ್ಲು ಕೆರಿ ನೀರಿನ್ಯಾಗ ನೆನಿಯಾಕ ಇಟ್ರ, ಸ್ವಲ್ಪ ದಿನಕ್ಕ ಅದರಾಗ ಜೀವ ಓಡಾಡ್ತಾವ. ಸಾವಿರಗಟ್ಟಲೆ. ಬರೇ ಕಣ್ಣಿಗಿ ಕಾಣಂಗಿಲ್ಲ, ಅಷ್ಟ.”

“ಕಾಣಂಗಿಲ್ಲ ಅಂದಮ್ಯಾಲ ಅದಾವ ಅಂತ ಯಾರು ಹೇಳಿದ್ರು?” ಎಂದ ನಮ್ಮ ಕಾಕಾ.

“ದುರ್ಬೀನಿನಂಥಾ ಒಂದು ಯಂತ್ರ ಇರ್ತದ ಕಾಕಾ. ಅದರಾಗ ನಾನೇ ನೋಡೀನಿ.”

“ಅಂದ್ರ ಇಷ್ಟು ವರ್ಷ ಕಾಣದ ಕುರಿ ಕಾಯಾಕ ಹೋಗಿದ್ದಿ ಅನ್ನು! ಕಾಣೋ ಕುರಿ ಇಲ್ಲಿ ನಿಮ್ಮಣ್ಣ ಒಬ್ಬನೇ ಹೊಡಕೊಂಡು ತಿರಗಲತ್ತಾನ.”

ಹಟ್ಟಿಯೆಲ್ಲ ನಕ್ಕಿತು. ಕುರಿಗಳೂ ಒಂದಿಷ್ಟು ಅರಚಿದವು. ಅಪ್ಪ ಮಾತ್ರ ನಗಲಿಲ್ಲ. ಮಂದಿ ಕರಗಿದ ಮೇಲೆ ನನ್ನನ್ನು ಬದಿಗೆ ಕೂರಿಸಿಕೊಂಡ. ಅಷ್ಟರಲ್ಲಾಗಲೇ ತಾಂಡೂರಿನ ಶಾಲೆಯೊಂದರಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತ್ತು. ಆದರೆ ಅದು ತಾತ್ಕಾಲಿಕ ಕೆಲಸ. ಮುಹ್ತಮಿಮ್ ಸಾಹೇಬರು, ಅಂದರೆ ಶಾಲೆಗಳ ಇನ್ಸ್‌ಪೆಕ್ಟರು, ಖುದ್ದಾಗಿ ಬಂದು ನನ್ನ ಪಾಠ ನೋಡಿ ಒಪ್ಪಿದರೆ ಖಾಯಂ. ಒಪ್ಪದಿದ್ದರೆ ಗಂಟುಮೂಟೆ.

“ಬ್ಯಾಸಿಗಿ ತನಕ ನೋಡ್ತೀನಿ,” ಎಂದ ಅಪ್ಪ. “ಪಕ್ಕಾ ಮಾಡಿದ್ರ ಮಾಸ್ತರ ಆಗಿರು, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಂದ್ರ ಸುಮ್ಮ ಬಂದು ಕುರಿ ಹೊಡಿ. ನಿಮ್ಮಣ್ಣಗ ಒಬ್ಬಗ ನೀಗವಲ್ದು.”

ಅದರಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಹಾಕುವ ದನಿಯೂ ಇರಲಿಲ್ಲ. ಕುರಿಗಳ ಹಿಂದೆ ನಡೆದು ಬಿರಿದ ಅಣ್ಣನ ಹಿಮ್ಮಡಿಗಳನ್ನು ನೋಡಿದವರು ಯಾರೂ ಆ ಮಾತಿಗೆ ಇಲ್ಲ ಎನ್ನಲಾರರು. ನಾನೂ ಎನ್ನಲಿಲ್ಲ. ಸಣ್ಣ ಟ್ರಂಕು ಹೊತ್ತು ರೈಲು ಹತ್ತಿದೆ. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರಿಗೆ ಹೋಗುವವರೆಗೂ ಒಂದೇ ಯೋಚನೆ: ಆ ಮುಹ್ತಮಿಮ್ ಸಾಹೇಬರು ಎಂಥವರೋ!

ಕಾಕಾ ನಕ್ಕ ಆ ಜೀವಿಗಳ ಹೆಸರಿನ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇನ್ಫ್ಯುಸೋರಿಯಾ. ನಮ್ಮ ಉರ್ದು ಪುಸ್ತಕದಲ್ಲಿ ಇದಕ್ಕೆ ಅರಬ್ಬಿಯಿಂದ ಕಟ್ಟಿದ ಬೇರೆ ಹೆಸರಿತ್ತು. ಅದನ್ನು ಸರಿಯಾಗಿ ಉಚ್ಚರಿಸಬಲ್ಲವರು, ಕಟ್ಟಿದ ಮೌಲವಿಯ ಹೊರತು ಇನ್ನೊಬ್ಬರು ಇದ್ದರೋ ಇಲ್ಲವೋ. ನಮ್ಮ ಪ್ರೊಫೆಸರು ಪುಸ್ತಕ ಮುಚ್ಚಿಟ್ಟು, “ಹಕೀಮರ ಖೇಸಾಂದಾ ಕುಡಿದಿದ್ದೀರಾ?” ಎಂದು ಕೇಳಿದರು. ಕುಡಿಯದವರು ಯಾರಿದ್ದಾರೆ? ನೆಗಡಿ ಬಂದರೆ ಒಣಗಿದ ಹೂವು ಬೇರುಗಳನ್ನು ಸಂಜೆ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಮೂಗು ಹಿಡಿದು ಕುಡಿಸುತ್ತಿದ್ದರು. “ಅದೇ ಇನ್ಫ್ಯೂಷನ್,” ಎಂದರು ಪ್ರೊಫೆಸರು. ಲ್ಯಾಟಿನ್ನಿನಲ್ಲಿ ಅದರ ಬೇರಿಗೆ ‘ಒಳಗೆ ಸುರಿ’ ಎಂದು ಅರ್ಥ. ಒಣಗಿದ್ದರ ಮೇಲೆ ನೀರು ಸುರಿದು ಅದರ ಸತ್ವ ಇಳಿಸುವುದು.

ವಿಲಾಯತಿಯ ಹಳೆಯ ಪಂಡಿತರಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ನೆನೆಹಾಕುವ ಹುಚ್ಚು. ಒಬ್ಬನು ಮೆಣಸಿನ ಕಾಳಿನ ಖಾರ ಎಲ್ಲಿ ಅಡಗಿದೆ ಎಂದು ನೋಡಲು ಮೆಣಸು ನೆನೆಹಾಕಿ ಭೂತಗನ್ನಡಿಯಲ್ಲಿ ಇಣುಕಿದ. ಖಾರ ಕಾಣಲಿಲ್ಲ, ಓಡಾಡುವ ಜೀವಿಗಳು ಕಂಡವು! ಇನ್ನೊಬ್ಬ ಹುಲ್ಲು ನೆನೆಹಾಕಿದ, ಅಲ್ಲಿಯೂ ಅವೇ. ಏನು ನೆನೆಹಾಕಿದರೂ ಇವು ಹುಟ್ಟುತ್ತವಲ್ಲ ಎಂದು ಬೆರಗಾಗಿ, ‘ನೆನೆಹಾಕಿದ ನೀರಿನವು’ ಎಂಬ ಅರ್ಥದಲ್ಲಿ ಇನ್ಫ್ಯುಸೋರಿಯಾ ಎಂದು ಹೆಸರಿಟ್ಟರು. ಹೆತ್ತವರು ಯಾರೆಂದು ವಿಚಾರಿಸುವ ಮೊದಲೇ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರು ಕೂಗಿದ ಹಾಗೆ. ಈಗಿನ ಪುಸ್ತಕಗಳಲ್ಲಿ ಆ ಹೆಸರು ಇಲ್ಲ. ಒಂದೇ ಮನೆಯವರೆಂದುಕೊಂಡಿದ್ದ ಜೀವಿಗಳನ್ನು ಬೇರೆ ಬೇರೆ ಮನೆತನಗಳಿಗೆ ಹಂಚಿದ್ದಾರೆ. ನಮ್ಮ ಕಾಲದಲ್ಲಿ ಇನ್ನೂ ಕೂಡು ಕುಟುಂಬವೇ.

ತಾಂಡೂರಿನ ಶಾಲೆ ಎಂದರೆ ನೆಲಕ್ಕೂ ಪರಸಿ ಕಲ್ಲಿನ ಚಪ್ಪಡಿ, ಮಾಡಿಗೂ ಪರಸಿ ಕಲ್ಲು, ಕೂರುವ ಬೆಂಚೂ ಪರಸಿ ಕಲ್ಲು. ಊರ ಸುತ್ತ ಕಲ್ಲಿನ ಗಣಿಗಳೇ ಇದ್ದಮೇಲೆ ಕಟ್ಟಿಗೆ ಯಾಕೆ ದಂಡ ಮಾಡಬೇಕು? ಬೇಸಿಗೆಯಲ್ಲಿ ಬೆಂಚಿನ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಪಾಠ ಉರ್ದುವಿನಲ್ಲಿ ಮಾಡಬೇಕು, ಇದು ಹುಕುಂ. ಮಕ್ಕಳಿಗೆ ಅರ್ಥವಾಗಬೇಕಾದರೆ ಕನ್ನಡದಲ್ಲೋ ತೆಲುಗಿನಲ್ಲೋ ಹೇಳಬೇಕು, ಇದು ಅನುಭವ. ಹಲಗೆಯ ಮೇಲೆ ಒಂದು ಭಾಷೆ, ಬಾಯಲ್ಲಿ ಮೂರು. ಹೀಗೆ ನಡೆದಿತ್ತು ನಮ್ಮ ಸಂಸಾರ.

ಹೆಡ್‌ಮಾಸ್ತರ ಕಪಾಟಿನಲ್ಲಿ ಒಂದು ಸೂಕ್ಷ್ಮದರ್ಶಕವಿತ್ತು. ಉರ್ದುವಿನಲ್ಲಿ ಖುರ್ದಬೀನ್. ಇಲಾಖೆಯವರು ಯಾವಾಗಲೋ ಕಳಿಸಿದ್ದು. ಮುರಿದರೆ ತಮ್ಮ ತಲೆಗೆ ಬಂದೀತೆಂದು ಹೆಡ್‌ಮಾಸ್ತರು ಪೆಟ್ಟಿಗೆಯನ್ನೇ ತೆರೆದಿರಲಿಲ್ಲ. ಚಪರಾಸಿ ಮಾತ್ರ ವರ್ಷಕ್ಕೊಮ್ಮೆ ಪೆಟ್ಟಿಗೆಗೆ ಕುಂಕುಮ ಹಚ್ಚಿ ಹೂ ಏರಿಸುತ್ತಿದ್ದ. ನಾನು ಅದನ್ನು ಹೊರಗೆ ತೆಗೆದು ಒರೆಸಿ ಕಿಟಕಿಯ ಬಿಸಿಲಿಗೆ ಕನ್ನಡಿ ಹೊಂದಿಸಿದಾಗ, ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದು ಕೈಮುಗಿದ.

ಮುಹ್ತಮಿಮ್ ಸಾಹೇಬರು ಬರುವ ಸುದ್ದಿ ಬಂತು. ನಾನು ಇನ್ಫ್ಯುಸೋರಿಯಾ ಪಾಠವನ್ನೇ ಆರಿಸಿಕೊಂಡೆ. ಅದು ನನಗೆ ಬಾಯಿಪಾಠ; ಅಲ್ಲದೆ ಬೇಕಾಗುವುದು ಹುಲ್ಲು ಮತ್ತು ಕೆರೆಯ ನೀರು, ಎರಡೂ ಪುಕ್ಕಟೆ. ಮಕ್ಕಳಿಗೆ ಹೇಳಿದೆ: ಪ್ರತಿಯೊಬ್ಬರೂ ಮನೆಯಲ್ಲಿ ಒಂದು ಮಣ್ಣಿನ ಕುಡಿಕೆಯಲ್ಲಿ ಕೆರೆಯ ನೀರು ಹಾಕಿ, ಬಣವೆಯ ಹುಲ್ಲು ನೆನೆಹಾಕಿ, ಮೂಲೆಯಲ್ಲಿ ಮುಟ್ಟದೆ ಇಡಿ. ತನಿಖೆಯ ದಿನ ತನ್ನಿ. ಅಷ್ಟೇ.

ನಾನು ಹೇಳಿದ್ದು ಅಷ್ಟೇ. ಆದರೆ ಹೆಡ್‌ಮಾಸ್ತರು ಸುಮ್ಮನಿರಬೇಕಲ್ಲ! ಶೇರವಾನಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಳ್ಳುವ, ಮೇಲಿನವರ ಹೆಸರು ಹೇಳುವಾಗ ಧ್ವನಿ ತಗ್ಗಿಸುವ ಒಳ್ಳೆಯ ಮನುಷ್ಯ. ಸಂಜೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೇಳಿದರು:

“ಮನೀಗಿ ಹೋಗಿ ಹೇಳ್ರಿ. ಮುಹ್ತಮಿಮ್ ಸಾಹೇಬ್ರು ಪ್ರತಿ ಮನಿ ನೀರು ತಮ್ಮ ಸ್ವಂತ ಕಣ್ಣಿಲೆ ನೋಡೋರಿದ್ದಾರ. ಖಬರ್ದಾರ್! ಶಾಲಿ ಮಾನ ಹೋಗಬಾರದು.”

ನಮ್ಮ ಸೀಮೆಯಲ್ಲಿ ಸರಕಾರದ ಸಾಹೇಬರ ಮುಂದೆ ಬರಿಗೈಯಲ್ಲಿ ನಿಲ್ಲುವ ವಾಡಿಕೆ ಇರಲಿಲ್ಲ. ಒಂದು ನಿಂಬೆಹಣ್ಣಾದರೂ ಸರಿ, ಕೈಯಲ್ಲಿರಬೇಕು. ಕೊಡುವ ವಸ್ತು ಎಷ್ಟೇ ಸಣ್ಣದಾದರೂ ತೊಳೆದು, ಒರೆಸಿ, ಕರವಸ್ತ್ರ ಮುಚ್ಚಿ ಮುಂದೆ ಹಿಡಿಯಬೇಕು. ಅಂಥ ಊರಿಗೆ ‘ಸಾಹೇಬರು ನಿಮ್ಮ ಮನೆಯ ನೀರು ನೋಡುತ್ತಾರೆ’ ಎಂದು ಹೇಳಿಕಳಿಸಿದರೆ ಏನಾಗಬೇಕೋ ಅದೇ ಆಯಿತು. ನನಗೆ ಮಾತ್ರ ಗೊತ್ತಾಗಲಿಲ್ಲ.

ಅದರ ಮೇಲೆ ಸಾಹೇಬರು ಹೇಳಿದ ದಿನ ಬರಲೇ ಇಲ್ಲ. ನಾರಾಯಣಖೇಡದ ಕಡೆ ತನಿಖೆಗೆ ಹೋದವರು ಅಲ್ಲೇ ಉಳಿದರಂತೆ. ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ ಎಂದು ವಾರವೇ ಕಳೆಯಿತು. ನನಗೆ ಒಳಗೊಳಗೇ ಖುಷಿ. ನೀರು ಹಳೆಯದಾದಷ್ಟೂ ನನ್ನ ಜೀವಿಗಳು ಹೆಚ್ಚುತ್ತವಲ್ಲ! ಅತ್ತ ಮನೆಮನೆಯಲ್ಲಿ ಏನು ನಡೆದಿದೆ ಎಂದು ಯಾರೂ ಹೇಳಲಿಲ್ಲ.

ಕೊನೆಗೆ ಒಂದು ದಿನ ಬೆಳಿಗ್ಗೆ, ಸಾಹೇಬರ ಟಾಂಗಾ ಸ್ಟೇಷನ್ನಿನಿಂದ ಹೊರಟಿದೆ ಎಂದು ಚಪರಾಸಿ ಓಡಿ ಬಂದ. ಮಕ್ಕಳು ಬಂದರು. ಹಿಂದೆಯೇ ಅವರ ತಾಯಂದಿರು, ಅಜ್ಜಿಯರು ಬಂದರು. ನೀರು ಮಕ್ಕಳ ಕೈಯಲ್ಲಿ ತುಳುಕೀತೆಂದು ತಾವೇ ಹೊತ್ತು ತಂದಿದ್ದರು. ಮಣ್ಣಿನ ಕುಡಿಕೆ ಒಂದೂ ಇಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ತಾಮ್ರದ ತಂಬಿಗೆ, ಹಿತ್ತಾಳೆಯ ಚೆಂಬು. ಮೇಲೆ ಮಡಚಿದ ಬಿಳಿ ಅರಿವೆ. ಮೊದಲ ತಂಬಿಗೆ ನಾನು ಬಾಡಿಗೆಗಿದ್ದ ಮನೆಯ ಆಯಿಯದು. ಅವಳ ಮೊಮ್ಮಗ ನನ್ನ ಕ್ಲಾಸಿನಲ್ಲಿದ್ದ. ಅರಿವೆ ಸರಿಸಿ ನೋಡಿದೆ. ತಳದಲ್ಲಿ ತಂಬಿಗೆಯ ಹೊಳಪು ಕಾಣುತ್ತಿತ್ತು.

“ಆಯಿ, ಇದರಾಗಿನ ಹುಲ್ಲೆಲ್ಲಿ?”

“ತಗದು ಎಮ್ಮಿಗಿ ಹಾಕಿದ್ನಿರಿ ಮಾಸ್ತರ. ಹಂಗೇ ತರ್ತಾರೇನು? ನಾರಾಕ ಹತ್ತಿತ್ತು.”

“ನಾರಬೇಕು ಆಯಿ! ನಾರೋದೇ ಬೇಕಾಗಿತ್ತು ನನಗ!”

“ಏ, ಏನ್ ಮಾತಾಡ್ತೀರಿ! ನಮ್ಮ ಮನಿ ನೀರು ನಾರ್ತದ ಅಂತ ಸಾಹೇಬ್ರ ಕೈಲಿ ಬರಸ್ಕೋಬೇಕೇನು ನಾವು? ಕೆರಿ ನೀರು ಚೆಲ್ಲಿ ನಮ್ಮ ಸೀನೀರ ಬಾವಿ ನೀರು ತುಂಬೀನಿ. ಕಾಸಿ, ಎರಡು ಪದರ ಅರಿವಿಲೆ ಸೋಸೀನಿ. ದಿನಾ ಹೊಸಾದು. ನಿಮ್ಮ ಸಾಹೇಬ ಬರೋದು ಬಿಟ್ಟು ಕುಂತ್ರ ನನ್ನ ಕಟಿಗಿ ಎಲ್ಲಾ ಸುಟ್ಟುಹೋತು.”

ಉಳಿದ ತಂಬಿಗೆಗಳನ್ನೂ ನೋಡಿದೆ. ಒಂದರಲ್ಲಿ ತುಳಸಿ. ಒಂದರಲ್ಲಿ ಪಟಿಕ ಆಡಿಸಿ ತಿಳಿಗೊಳಿಸಿದ ನೀರು. ಇನ್ನೊಂದು ಇನ್ನೂ ಬೆಚ್ಚಗಿತ್ತು, ಆಗಷ್ಟೇ ಒಲೆಯಿಂದ ಇಳಿದದ್ದು. ಒಬ್ಬ ತಾಯಿ ಏಲಕ್ಕಿ ಹಾಕಿದ್ದಳು. ಊರಿನ ಸಾಹುಕಾರರ ಮನೆಯಿಂದ ಬಂದದ್ದು ಬೆಳ್ಳಿಯ ಲೋಟ, ಬೆಳ್ಳಿಯ ಮುಚ್ಚಳ. ಒಳಗೆ ಗುಲಾಬಿ ನೀರು, ಸಕ್ಕರೆ, ನೆನೆದು ಉಬ್ಬಿದ ಸಬ್ಜಾ ಬೀಜ. ಅಷ್ಟೂ ಮನೆಗಳಲ್ಲಿ ನೆನೆದದ್ದು ಆ ಸಬ್ಜಾ ಒಂದೇ.

ಕೆರೆಗೆ ಯಾರನ್ನಾದರೂ ಓಡಿಸೋಣವೆಂದು ತಿರುಗಿದೆ. ಅಷ್ಟರಲ್ಲಿ ಟಾಂಗಾ ಬಂದು ನಿಂತಿತು.

ಮುಹ್ತಮಿಮ್ ಸಾಹೇಬರು ಎತ್ತರದ ಭಾರಿ ಆಳು. ಕೆಂಪು ರೂಮಿ ಟೋಪಿ, ಬೆವರಿನಿಂದ ಬೆನ್ನಿಗೆ ಅಂಟಿದ ಶೇರವಾನಿ. ಅವರು ಮಾತಾಡಿದ್ದು ಹೈದರಾಬಾದಿನ ಉರ್ದುವಿನಲ್ಲಿ; ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕ್ಲಾಸಿನೊಳಗೆ ಬಂದು ಕುರ್ಚಿಯಲ್ಲಿ ಕುಸಿದು, ಕತ್ತು ಒರೆಸಿಕೊಂಡು, ಎದುರಿಗೆ ಸಾಲಾಗಿ ಹೊಳೆಯುತ್ತಿದ್ದ ತಂಬಿಗೆಗಳನ್ನು ಕಂಡರು. ಮುಖ ಅರಳಿತು.

“ವಾಹ್! ಇದಪ್ಪಾ ಏರ್ಪಾಡು. ನಾರಾಯಣಖೇಡದಲ್ಲಿ ಒಂದು ಲೋಟ ನೀರು ಕೇಳಿ ಪಡೆಯಬೇಕಾಯಿತು.”

ಎಂದವರೇ ಬೆಳ್ಳಿಯ ಲೋಟಕ್ಕೆ ಕೈಹಾಕಿದರು. “ಸಾಬ್...” ಎಂದೆ ನಾನು. “ಬಿಸ್ಮಿಲ್ಲಾ,” ಎಂದರು ಅವರು. ತಳದಲ್ಲಿ ಸ್ವಲ್ಪ ಬಿಟ್ಟು ಮಿಕ್ಕಿದ್ದನ್ನೆಲ್ಲ ಒಂದೇ ಉಸಿರಿಗೆ ಕುಡಿದು, ಮೀಸೆ ಒರೆಸಿಕೊಂಡರು. ಹೆಡ್‌ಮಾಸ್ತರು, ಶರಬತ್ತಿನ ಯೋಚನೆ ತಮ್ಮದೇ ಎಂಬಂತೆ ಬಗ್ಗಿ ಆದಾಬ್ ಮಾಡಿದರು.

“ಶುರು ಮಾಡಿ ಮಾಸ್ತರೇ. ಇವತ್ತಿನ ಪಾಠ ಏನು?”

ಇನ್ಫ್ಯುಸೋರಿಯಾ ಎಂದು ಹಲಗೆಯ ಮೇಲೆ ಬರೆದೇ ಇತ್ತು. ಅವರು ಓದಿದರು. “ಹಾಗೆಂದರೆ?”

“ಬರಿಗಣ್ಣಿಗೆ ಕಾಣದ ಜೀವಿಗಳು, ಸಾಬ್.”

“ಎಲ್ಲಿರುತ್ತವೆ?”

“ಹುಲ್ಲು ನೆನೆಹಾಕಿದ ನೀರಿನಲ್ಲಿ. ಹೆಸರಿನ ಅರ್ಥವೂ ಅದೇ ಸಾಬ್.”

“ಆ ನೀರು ಎಲ್ಲಿದೆ?”

ನಾನು ಬಾಯಿ ತೆರೆಯುವ ಮೊದಲೇ ಇಡೀ ಕ್ಲಾಸು ಒಟ್ಟಾಗಿ ತಂಬಿಗೆಗಳ ಕಡೆ ಬೆರಳು ತೋರಿಸಿತು. ಒಬ್ಬ ಮಾತ್ರ, ಸಾಹುಕಾರರ ಮೊಮ್ಮಗ, ಎದ್ದುನಿಂತು ಸಾಹೇಬರ ಹೊಟ್ಟೆಯ ಕಡೆ ತೋರಿಸಿದ. ಪಾಠ ಮಾಡಿದವನು ನಾನೇ ಆದ್ದರಿಂದ ಅವನನ್ನು ಗದರಿಸುವಂತಿರಲಿಲ್ಲ, ಉತ್ತರ ಸರಿಯಾಗಿತ್ತು.

ಸಾಹೇಬರ ಕೈ ನಿಧಾನಕ್ಕೆ ಶೇರವಾನಿಯ ಮೇಲಿಂದ ಹೊಟ್ಟೆಗೆ ಹೋಯಿತು. ಹೆಡ್‌ಮಾಸ್ತರು ನನ್ನ ತೋಳು ಹಿಡಿದು ಎಳೆದರು.

“ಸಾಹೇಬ್ರಿಗಿ ಹುಳ ಕುಡಸೀರೇನ್ರಿ ಮಾಸ್ತರ!” ಎಂದು ಕಿವಿಯಲ್ಲಿ ಹೇಳಿದ್ದು ಹೊರಗಿನ ಪಡಸಾಲೆಗೂ ಕೇಳಿಸಿತು.

ಆ ಕ್ಷಣದ ನನ್ನ ಅವಸ್ಥೆ ಕೇಳಿ. ನೀರಿನಲ್ಲಿ ಜೀವಿಗಳಿವೆ ಎಂದು ತೋರಿಸಿದರೆ, ಸಾಹೇಬರಿಗೆ ಅವನ್ನು ಕುಡಿಸಿದ ಮಾಸ್ತರನಾಗಿ ಕೆಲಸ ಹೋಗುತ್ತದೆ. ಇಲ್ಲ ಎಂದು ತೋರಿಸಿದರೆ, ಪಾಠ ಬಾರದ ಮಾಸ್ತರನಾಗಿ ಕೆಲಸ ಹೋಗುತ್ತದೆ. ಎರಡು ದಾರಿ, ಎರಡೂ ನಮ್ಮ ಹಟ್ಟಿಗೇ ಹೋಗುವವು. ಅಲ್ಲಿ ಕಾಕಾ ಕಾಯುತ್ತಾ ಕೂತಿದ್ದಾನೆ.

ಹೋಗುವುದಾದರೆ ನಿಜ ಹೇಳಿಯೇ ಹೋಗೋಣ ಎನಿಸಿತು. ಬೆಳ್ಳಿ ಲೋಟದ ತಳದಲ್ಲಿ ಉಳಿದಿದ್ದ ಶರಬತ್ತಿನಿಂದ ಒಂದು ಹನಿ ತೆಗೆದು ಗಾಜಿನ ಚೂರಿನ ಮೇಲಿಟ್ಟೆ. ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ.

“ಸಾಬ್, ತಾವೇ ನೋಡಬೇಕು.”

ಅವರು ಟೋಪಿ ತೆಗೆದಿಟ್ಟು, ಒಂದು ಕಣ್ಣು ಮುಚ್ಚಿ, ಬಗ್ಗಿದರು. ಬಹಳ ಹೊತ್ತು ನೋಡಿದರು.

“ಏನೂ ಇಲ್ಲ,” ಎಂದರು.

“ಇನ್ನೊಮ್ಮೆ ನೋಡಿ ಸಾಬ್. ಓಡಾಡುವುದು ಏನಾದರೂ?”

“ಏನೂ ಇಲ್ಲ! ಅಲ್‌ಹಮ್ದುಲಿಲ್ಲಾ, ಏನೂ ಇಲ್ಲ!”

ಪಾಠ ಕೆಟ್ಟದ್ದಕ್ಕೆ ಇಷ್ಟು ಸಂತೋಷಪಟ್ಟ ಪರೀಕ್ಷಕರನ್ನು ನಾನು ಮತ್ತೆ ಕಂಡಿಲ್ಲ. ಆಮೇಲೆ ಆಯಿಯ ತಂಬಿಗೆಯ ಹನಿ ಇಟ್ಟೆ, ಏನೂ ಇಲ್ಲ. ಪಟಿಕದ ನೀರು, ಏನೂ ಇಲ್ಲ. ತುಳಸಿಯ ನೀರು, ಏನೂ ಇಲ್ಲ. ಒಂದೊಂದು ‘ಇಲ್ಲ’ಕ್ಕೂ ಅವರ ಮುಖಕ್ಕೆ ಕಳೆ ಏರಿತು, ನನ್ನ ಮುಖದ್ದು ಇಳಿಯಿತು. ಹೊಟ್ಟೆಯ ಚಿಂತೆ ಪೂರ್ತಿ ಹೋದ ಮೇಲೆ ಸಾಹೇಬರು ಟೋಪಿ ಹಾಕಿಕೊಂಡು ಮತ್ತೆ ಇನ್ಸ್‌ಪೆಕ್ಟರಾದರು.

“ಮಾಸ್ತರೇ, ನನಗೆ ನೆಮ್ಮದಿಯಾಯಿತು. ಆದರೆ ಪಾಠ ಎಲ್ಲಿ? ನೆನೆಹಾಕಿದ ನೀರಿನಲ್ಲಿ ಹುಟ್ಟುತ್ತವೆ ಎಂದು ಹೆಸರೇ ಹೇಳುತ್ತದೆ ಎನ್ನುತ್ತೀರಿ. ಹುಟ್ಟಿಲ್ಲ. ಒಂದೋ ಹೆಸರು ಸುಳ್ಳು, ಇಲ್ಲವೇ ನೀವು ಸುಳ್ಳು.”

“ಹೆಸರು ಸುಳ್ಳು ಸಾಬ್,” ಎಂದೆ.

ಅದು ಉಳಿಯಲು ಹೇಳಿದ ಮಾತಲ್ಲ, ನಿಜವಾಗಿಯೂ ಹಾಗೇ. ಉರ್ದುವನ್ನು ಅರ್ಧಕ್ಕೇ ಬಿಟ್ಟು, ಮಕ್ಕಳಿಗೆ ತಿಳಿಯುವ ಮಾತಿನಲ್ಲೇ ಹೇಳಿದೆ; ಊರೂರು ತನಿಖೆಗೆ ತಿರುಗಿ ಸಾಹೇಬರಿಗೂ ಆ ಮಾತು ತಿಳಿಯುತ್ತಿತ್ತು. ಹಳಬರು ಹುಲ್ಲೇ ಇವುಗಳ ತಾಯಿ ಎಂದು ನಂಬಿ ಹೆಸರಿಟ್ಟರು. ಆಮೇಲೆ ಬಂದವರು ಅದೇ ನೀರನ್ನು ಚೆನ್ನಾಗಿ ಕುದಿಸಿ, ಗಾಳಿ ಹೋಗದಂತೆ ಬಾಯಿ ಮುಚ್ಚಿಟ್ಟರು. ಒಂದೂ ಹುಟ್ಟಲಿಲ್ಲ. ಹಾಗಿದ್ದರೆ ಹುಲ್ಲು ಹೆತ್ತವಳಲ್ಲ. ಕೆರೆ ಬತ್ತಿದಾಗ ಈ ಜೀವಿಗಳು ಮುದುಡಿ, ಸುತ್ತ ಒಂದು ಗಟ್ಟಿ ಚಿಪ್ಪು ಕಟ್ಟಿಕೊಂಡು, ಧೂಳಾಗಿ ಹುಲ್ಲಿಗೆ ಅಂಟಿ ಮಲಗಿರುತ್ತವೆ. ನೀರು ಬಿದ್ದರೆ ಏಳುತ್ತವೆ. ಹುಲ್ಲು ಅವುಗಳಿಗೆ ತೊಟ್ಟಿಲು; ಅದು ಕೊಳೆತಾಗ ಬೆಳೆಯುವ ಇನ್ನೂ ಸಣ್ಣ ಜೀವಗಳು ಊಟ. “ಈ ಊರಿನ ತಾಯಂದಿರು ತಮ್ಮ ಮೇಲಿನ ಗೌರವಕ್ಕೆ ನೀರು ಬದಲಿಸಿದ್ದಾರೆ, ಸೋಸಿದ್ದಾರೆ, ಕುದಿಸಿದ್ದಾರೆ. ವಿಲಾಯತಿಯ ಪಂಡಿತರು ವರ್ಷಗಟ್ಟಲೆ ಜಗಳವಾಡಿ ತೋರಿಸಿದ್ದನ್ನು ಒಂದು ವಾರದಲ್ಲಿ ತೋರಿಸಿದ್ದಾರೆ ಸಾಬ್. ಇಲ್ಲದಿರುವುದೇ ಇವತ್ತಿನ ಪಾಠ.”

ಸಾಹೇಬರು ಗಡ್ಡ ಕೆರೆದುಕೊಂಡರು. ಮಾತು ಹಿಡಿಸಿತ್ತು, ಆದರೆ ಪೂರ್ತಿ ಒಪ್ಪುವ ಆಸಾಮಿಯಲ್ಲ.

“ಇಲ್ಲದ್ದನ್ನು ಯಾರು ಬೇಕಾದರೂ ತೋರಿಸುತ್ತಾರೆ. ಇರುವುದನ್ನು ಒಂದಾದರೂ ತೋರಿಸಿ. ಇಲ್ಲವಾದರೆ ಈ ಖುರ್ದಬೀನ್ ಕೆಟ್ಟಿದೆ ಎಂದು ಬರೆಯುತ್ತೇನೆ, ನಿಮ್ಮನ್ನೂ ಸೇರಿಸಿ.”

ಅವರ ಮೇಜಿನ ಹತ್ತಿರ ನಿಂತಿದ್ದ ನನಗೆ ಆಗ ಒಂದು ವಾಸನೆ ಬಂತು. ಹೆಡ್‌ಮಾಸ್ತರ ಅತ್ತರಿನ ಕೆಳಗೆ, ಸಾಹೇಬರ ಬೆವರಿನ ಪಕ್ಕದಲ್ಲಿ, ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾನು ಮೂರು ಹೊತ್ತು ಕುಡಿದ ವಾಸನೆ. ಮೇಜಿನ ಮೇಲೆ ಹಸಿರು ಗಾಜಿನ ಹೂದಾನಿ ಇತ್ತು. ಸಾಹೇಬರು ಮೊದಲು ಬರಬೇಕಿದ್ದ ದಿನ ಚಪರಾಸಿ ಅದಕ್ಕೆ ಚೆಂಡುಹೂ ಇಟ್ಟವನು, ಅವರು ಬಾರದೆ ಹೋದಾಗ ದಿನವೂ ಮೇಲೆ ಎರಡು ಹೊಸ ಹೂ ಸಿಕ್ಕಿಸುತ್ತಾ ಬಂದಿದ್ದ. ಹಳೆಯ ದಂಟು, ಹಳೆಯ ನೀರು ಹಾಗೇ ಉಳಿದಿತ್ತು. ಹಸಿರು ಗಾಜಲ್ಲವೇ, ಒಳಗೇನಿದೆ ಎಂದು ಯಾರಿಗೆ ಕಾಣಬೇಕು?

ಹೂಗಳನ್ನು ಹೊರಗೆಳೆದೆ. ಮುಂದಿನ ಸಾಲಿನ ಮಕ್ಕಳು ಮೂಗು ಮುಚ್ಚಿಕೊಂಡರು. ಒಂದು ಹನಿ ಇಟ್ಟು ನಾನೇ ಮೊದಲು ನೋಡಿದೆ. ಅಬ್ಬಾ! ಎಷ್ಟು ದಿನವಾಗಿತ್ತು ಅವುಗಳ ಮುಖ ನೋಡಿ. ಚಪ್ಪಲಿಯ ಆಕಾರದವು, ಗಂಟೆಯ ಆಕಾರದವು, ಅಂಚಿನ ರೋಮ ಆಡಿಸುತ್ತಾ, ಒಂದಕ್ಕೊಂದು ಡಿಕ್ಕಿ ಹೊಡೆದು ಹಿಂದೆ ಸರಿದು ಮತ್ತೆ ಹೊರಡುವವು. ನೆಂಟರನ್ನು ಕಂಡಷ್ಟು ಸಂತೋಷವಾಯಿತು.

“ಬನ್ನಿ ಸಾಬ್.”

ಸಾಹೇಬರು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ.

“ಯಾ ಅಲ್ಲಾ... ಏನಿದು ಓಡಾಟ! ಇಷ್ಟು ಅವಸರ ಎಲ್ಲಿಗೆ? ಗಾಡಿ ತಪ್ಪಿಹೋಯಿತೇನೋ ಅನ್ನೋ ಹಾಗೆ!” ಆಮೇಲೆ ತಟ್ಟನೆ ತಲೆಯೆತ್ತಿ, “ಇವು ನನ್ನ ಲೋಟದಲ್ಲಿ ಇರಲಿಲ್ಲ ಅಲ್ಲವೇ?” ಎಂದರು.

“ಇರಲಿಲ್ಲ ಸಾಬ್. ತಾವೇ ನೋಡಿದಿರಿ.”

“ಆಣೆ ಮಾಡಿ.”

ಮಾಡಿದೆ. ಅಷ್ಟರಲ್ಲಿ ಕಿಟಕಿಯಾಚೆಯಿಂದ ನಮ್ಮ ಆಯಿಯ ದನಿ ಬಂತು.

“ಸಾಹೇಬ್ರೇ, ಆ ಹೂವಿನ ನೀರು ನಮ್ಮ ಮನಿದಲ್ರಿ! ಶಾಲಿದು! ಬರಕೊಳ್ರಿ, ಶಾಲಿದು!”

ಹೆಡ್‌ಮಾಸ್ತರು ಚಪರಾಸಿಯನ್ನು ನುಂಗುವಂತೆ ನೋಡಿದರು. ಚಪರಾಸಿ ಖುರ್ದಬೀನಿಗೆ ಕೈಮುಗಿದ. ಸಾಹೇಬರು ಮೊದಲು ಗಂಭೀರವಾಗಿರಲು ನೋಡಿದರು, ಆಗಲಿಲ್ಲ. ಹೊಟ್ಟೆ ಕುಲುಕಿಸಿ ನಕ್ಕರು. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಂದು ನೋಡುವವರೆಗೂ ಕೂತರು. ಪಡಸಾಲೆಯ ಹೆಂಗಸರನ್ನೂ ಒಳಗೆ ಕರೆಸಿದರು. ಆಯಿ ನೋಡಿ, “ಥೂ, ಇಷ್ಟು ಗಲೀಜಿನ್ಯಾಗ ಎಷ್ಟು ಚಂದ ಅದಾವಲ್ರಿ,” ಎಂದಳು. ಹೊರಡುವಾಗ ಸಾಹೇಬರು ಹೆಡ್‌ಮಾಸ್ತರಿಗೆ ಹೇಳಿದ್ದು ಹೀಗೆ:

“ಇವರನ್ನು ಖಾಯಂ ಮಾಡಲು ನಾನು ಬರೆಯುತ್ತೇನೆ. ಬರೆಯದಿದ್ದರೆ ಮುಂದಿನ ಸಲ ಈ ಮನುಷ್ಯ ನನಗೆ ಹೂದಾನಿಯ ನೀರನ್ನೇ ಕುಡಿಸಿಯಾನು.”

ಹುಕುಂ ಬರುವ ಹೊತ್ತಿಗೆ ಬೇಸಿಗೆ ಕಾಲಿಟ್ಟಿತ್ತು. ಊರಿಗೆ ಹೇಳಿಕಳಿಸಿದೆ. ಅಪ್ಪ ಯಾರ ಮಾತನ್ನೂ ಕೇಳಿ ನಂಬುವವನಲ್ಲ. ಹೆಗಲಿಗೆ ಕಂಬಳಿ ಹಾಕಿಕೊಂಡು ರೈಲಿನಲ್ಲಿ ತಾಂಡೂರಿಗೇ ಬಂದ. ಹೆಡ್‌ಮಾಸ್ತರ ಬಾಯಿಂದಲೇ ‘ಪಕ್ಕಾ ಆಗ್ಯದ’ ಎಂದು ಎರಡು ಸಲ ಹೇಳಿಸಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಿ, ಏನು ತೋರಿಸಿದ್ದಕ್ಕ ಪಕ್ಕಾ ಮಾಡಿದ್ರೋ, ನನಗೂ ತೋರಸು,” ಎಂದ.

ತನಿಖೆ ಮುಗಿದ ಮೇಲೆ, ಆಯಿಯ ಕೈಗೆ ಸಿಗದಂತೆ, ಕೆರೆಯ ನೀರಿನಲ್ಲಿ ಹುಲ್ಲು ನೆನೆಹಾಕಿ ಬೀಗ ಹಾಕಿಟ್ಟಿದ್ದ ನನ್ನದೇ ಕುಡಿಕೆ ಇತ್ತು. ಹನಿ ಇಟ್ಟುಕೊಟ್ಟೆ. ಅಪ್ಪ ಮುಂಡಾಸು ಹಿಂದಕ್ಕೆ ತಳ್ಳಿ ಕಣ್ಣಿಟ್ಟ. ಮೊದಲು ತನ್ನ ರೆಪ್ಪೆಯ ಕೂದಲನ್ನೇ ನೋಡಿ “ಕಾಲು ಕಾಣ್ತಾವ,” ಎಂದ. ಆಮೇಲೆ ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮತ್ತೆ ಬಗ್ಗಿದ.

“ಇವನ್ನ ಯಾರು ಕಾಯ್ತಾರ?”

“ಯಾರೂ ಇಲ್ಲಪ್ಪಾ.”

“ಬಿಸಲಾಗ ನೀರು ಬತ್ತಿದ್ರ?”

“ಮುದುಡಿ ಮಲಗ್ತಾವ. ಮಳಿ ಬಂದ್ರ ಏಳ್ತಾವ.”

“ತಾವೇ?”

“ತಾವೇ.”

“ಉಣ್ಣಿ ಕತ್ರಸೋದು?”

“ರೋಮ ಅದಾವ, ಆದ್ರ ಕತ್ರಸಂಗಿಲ್ಲ.”

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. ಕುರಿ ಸಂತೆಯಲ್ಲಿ ಒಳ್ಳೆಯ ಟಗರು ಕಂಡಾಗ ನೋಡುವ ನೋಟ ಅದು.

“ಕಾಯೋದಿಲ್ಲ. ಕತ್ರಸೋದಿಲ್ಲ. ತ್ವಾಳದ ಅಂಜಿಕಿ ಇಲ್ಲ. ಬರೇ ನೋಡಾಕ ಸರಕಾರ ಪಗಾರ ಕೊಡ್ತದ! ಈ ನೌಕರಿ ಬಿಟ್ಟಿ ಅಂದ್ರ ಹಟ್ಟ್ಯಾಗ ಕಾಲಿಡಬ್ಯಾಡ ನೋಡು. ನಿಮ್ಮಣ್ಣಗ ನಾ ಯಾರನ್ನರೆ ಆಳ ಹುಡಕ್ತೀನಿ.”

“ಆತಪ್ಪಾ,” ಎಂದೆ.

“ಸರಿ ಸ್ವಲ್ಪ, ಬೆಳಕಿಗಿ ಅಡ್ಡ ನಿಂತಿ,” ಎಂದು ಮತ್ತೆ ಕಣ್ಣಿಟ್ಟ.